ಗುರುತಿಲ್ಲದ ತಲೆಬಟ್ಟೆ

ಉಳಿಯ ತುದಿಯನ್ನು ಚಿಪ್ಪಿನ ಅಡಿಗೆ ತೂರಿಸಿ ಮೀಟಿದೆ. ಬರಲಿಲ್ಲ. ಬಂಡೆಗೆ ಅಂಟಿ ಬದುಕುವ ಈ ಅವಾಬಿ ಚಿಪ್ಪಿಗೆ ಒಮ್ಮೆ ಸುಳಿವು ಸಿಕ್ಕಿತೆಂದರೆ ಮುಗಿಯಿತು, ಬಂಡೆಯೂ ಅದೂ ಒಂದೇ ಆಗಿಬಿಡುತ್ತವೆ. ಆ ಒಂಟಿ ಚಿಪ್ಪನ್ನು ಎಬ್ಬಿಸಲು ಇನ್ನೊಂದು ಉಸಿರು ಬೇಕಿತ್ತು. ನನ್ನಲ್ಲಿ ಇರಲಿಲ್ಲ. ಎದೆ ಆಗಲೇ ಒಳಗಿನಿಂದ ಬಡಿಯತೊಡಗಿತ್ತು. ಸಾಕು, ಮೇಲೆ ಹೋಗೋಣ ಎಂದು ತಲೆ ಎತ್ತಿದಾಗ ಕಡಲಕಳೆಯ ಆಚೆ ಬಿಳಿ ಬಟ್ಟೆ ಕಾಣಿಸಿತು.

ಒಬ್ಬ ಹೆಂಗಸು. ನನ್ನ ಹಾಗೆಯೇ ಬಿಳಿ ಅಂಗಿ, ಬಿಳಿ ಲಂಗ, ತಲೆಗೆ ಸುತ್ತಿದ ಬಿಳಿ ಬಟ್ಟೆ. ಆವತ್ತು ಮೋಡ ಕವಿದಿತ್ತು, ನೀರು ಅಕ್ಕಿ ತೊಳೆದ ನೀರಿನಂತಿತ್ತು. ಕಳೆ ಅತ್ತ ವಾಲಿದಾಗ ಅವಳು ಕಾಣುತ್ತಿದ್ದಳು, ಇತ್ತ ವಾಲಿದಾಗ ಮರೆಯಾಗುತ್ತಿದ್ದಳು. ಮುಖಕ್ಕೆ ಕಟ್ಟಿದ ಗಾಜಿನ ಹಿಂದೆ ಮುಖ ಇತ್ತೋ ಇಲ್ಲವೋ ತಿಳಿಯಲಿಲ್ಲ. ಒಂದು ಕೈ ಮುಂದಕ್ಕೆ ಚಾಚಿದ್ದಳು. ಅಂಗೈ ಮೇಲೆ ದೊಡ್ಡದೊಂದು ಅವಾಬಿ. ಇನ್ನೊಂದು ಕೈಯಿಂದ ನನ್ನನ್ನು ಕರೆಯುತ್ತಿದ್ದಳು. ಬಾ. ತಗೋ. ಬಾ.

ನನ್ನ ಕಣ್ಣು ಮೊದಲು ಹೋದದ್ದು ಅವಳ ಹಣೆಗೆ. ತಲೆಬಟ್ಟೆ ಖಾಲಿಯಾಗಿತ್ತು.

ನಮ್ಮೂರಿನಲ್ಲಿ ಹಣೆಯ ಮೇಲೆ ಗುರುತಿಲ್ಲದೆ ಯಾರೂ ನೀರಿಗೆ ಇಳಿಯುವುದಿಲ್ಲ. ನೀಲಿ ದಾರದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಜಾಲರಿ. ನಕ್ಷತ್ರವನ್ನು ದಾರ ಕಡಿಯದೆ ಒಂದೇ ಓಟದಲ್ಲಿ ಹೊಲಿಯಬೇಕು, ಹೊರಟ ಕಡೆಗೇ ಸೂಜಿ ಮರಳಬೇಕು. ಮುಳುಗಿದವಳೂ ಹಾಗೆಯೇ ಮರಳಲಿ ಎಂದು. ಜಾಲರಿಯಲ್ಲಿ ಎಷ್ಟು ಕಿಂಡಿಗಳೋ ಅಷ್ಟು ಕಣ್ಣುಗಳು, ಗೆಳತಿಯರ ಕಣ್ಣುಗಳು, ಅವಳನ್ನು ಕಾಯುತ್ತವೆ. ಈ ಎರಡು ಗುರುತು ಕಟ್ಟಿಕೊಳ್ಳಲು ಒಬ್ಬಳಿಗೆ ಮಾತ್ರ ಆಗದು. ಮೋಡದ ದಿನ ನಮ್ಮದೇ ವೇಷದಲ್ಲಿ ನಮ್ಮ ಪಕ್ಕ ಮುಳುಗಿ ಅವಾಬಿ ನೀಡುವವಳಿಗೆ. ತೆಗೆದುಕೊಂಡರೆ ಇನ್ನಷ್ಟು ಆಳಕ್ಕೆ ಕರೆಯುತ್ತಾಳೆ, ಅಲ್ಲಿಂದ ಮೇಲಕ್ಕೆ ದಾರಿ ಇರುವುದಿಲ್ಲ. ಅವಳ ನಿಜವಾದ ಹೆಸರನ್ನು ನೀರಿನ ಮೇಲೆ ಯಾರೂ ಆಡುವುದಿಲ್ಲ. ಜೊತೆಗಾತಿ ಎನ್ನುತ್ತಾರೆ, ಅಷ್ಟೆ.

ಉಳಿ ಅಲ್ಲೇ ಬಂಡೆಯಲ್ಲಿ ಸಿಕ್ಕಿಕೊಂಡಿತ್ತು. ಬಿಟ್ಟೆ. ಕಾಲು ಝಾಡಿಸಿ ಮೇಲಕ್ಕೆ ಒದ್ದೆ. ಏರುವಾಗ ಕೆಳಗೆ ನೋಡಬಾರದು ಎಂದು ಗೊತ್ತಿದ್ದೂ ನೋಡಿದೆ. ಆ ಕೈ ಇನ್ನೂ ಚಾಚಿಕೊಂಡೇ ಇತ್ತು.

ನೀರು ಸೀಳಿ ತಲೆ ಹೊರಗೆ ಬಂದಾಗ ಉಸಿರು ಸಿಳ್ಳೆಯಾಗಿ ಹೊರಟಿತು. ನಾವೆಲ್ಲ ಹಾಗೆಯೇ ಉಸಿರು ಬಿಡುವುದು, ತುಟಿ ಸಣ್ಣಗೆ ಮಾಡಿ, ಉದ್ದಕ್ಕೆ. ಆ ಸಿಳ್ಳೆಯಿಂದಲೇ ಯಾರು ಬಂದರು, ಹೇಗೆ ಬಂದರು ಎಂದು ಉಳಿದವರಿಗೆ ತಿಳಿಯುತ್ತದೆ. ನನ್ನದು ಆವತ್ತು ಒಡೆದ ಕೊಳಲಿನಂತಿತ್ತು. ಕಿನು ಅಜ್ಜಿ ತಮ್ಮ ಮರದ ಬಾನಿಯನ್ನು ತಳ್ಳಿಕೊಂಡು ಈಜಿ ಬಂದರು. ಅವರಿಗೆ ಎಪ್ಪತ್ತು ದಾಟಿದೆ. ಆಳಕ್ಕೆ ಹೋಗುವುದನ್ನು ಬಿಟ್ಟು, ದಡದ ಹತ್ತಿರ ಶಂಖಗಳನ್ನು ಹೆಕ್ಕುತ್ತಾ ನಮ್ಮೆಲ್ಲರ ಸಿಳ್ಳೆ ಎಣಿಸುವುದೇ ಈಗ ಅವರ ಕೆಲಸ.

"ಏನಾಯ್ತೇ ಮಿಸಾವೊ? ಉಳಿ ಎಲ್ಲಿ?"

"ಕೆಳಗೆ."

"ಬಿಟ್ಟು ಬಂದ್ಯಾ? ಅಮ್ಮನ ಉಳಿನಾ?"

ಹಣೆ ಮುಟ್ಟಿಕೊಂಡು ತೋರಿಸಿದೆ, ಆಮೇಲೆ ಅಂಗೈ ಚಾಚಿ ತೋರಿಸಿದೆ. ಅಜ್ಜಿಯ ಮುಖದ ನಗು ಮಾಯವಾಯಿತು. ತಮ್ಮ ಉಳಿಯಿಂದ ಬಾನಿಯ ಅಂಚನ್ನು ಟಕಟಕ ಬಡಿಯತೊಡಗಿದರು. ಮುಳುಗುವ ಮುನ್ನ ನಾವು ಮೆಲ್ಲಗೆ ಬಡಿದು ದೇವರನ್ನು ನೆನೆಯುವ ರೀತಿ ಬೇರೆ. ಇದು ಎಲ್ಲರೂ ಮೇಲೆ ಬನ್ನಿ ಎಂಬ ಬಡಿತ. ಜೊತೆಗಾತಿಯನ್ನು ಒಬ್ಬಳು ಕಂಡರೆ ಆವತ್ತು ಊರಿಗೆ ಊರೇ ಕಡಲು ಬಿಡಬೇಕು.

ಪಕ್ಕದಲ್ಲಿ ಗೆಳತಿ ತಕಿಯೊ ನೀರಿನಿಂದ ಎದ್ದಳು. ಮೂಗಿನಿಂದ ನೀರು ಚಿಮ್ಮಿಸಿ, "ಏನಜ್ಜಿ, ಗುಡಿಸಲಲ್ಲಿಟ್ಟ ಗೆಣಸು ಇಷ್ಟು ಬೇಗ ಬೆಂದುಹೋಯ್ತಾ?" ಎಂದಳು. ಆಮೇಲೆ ನನ್ನ ಮುಖ ನೋಡಿ ತನ್ನ ಬಾನಿಯನ್ನು ಹತ್ತಿರ ಎಳೆದುಕೊಂಡಳು.

"ಚಿಗುಸಾ ಎಲ್ಲಿ?" ಅಜ್ಜಿ ಕೇಳಿದರು.

ಚಿಗುಸಾ ನನ್ನ ತಮ್ಮ ಸೇಕಿಚಿಯ ಹೆಂಡತಿ. ಅವನು ಮೀನಿನ ದೋಣಿಯಲ್ಲಿ ದಕ್ಷಿಣಕ್ಕೆ ಹೋಗಿದ್ದ, ಹೋಗುವಾಗ ಇವಳನ್ನು ನನ್ನ ಕೈಗೆ ಕೊಟ್ಟು ಹೋಗಿದ್ದ. ಗುಡ್ಡದೂರಿನ ಹುಡುಗಿ, ಇದ್ದಿಲು ಸುಡುವವರ ಮಗಳು. ಮದುವೆಯಾಗಿ ಬಂದಾಗ ಈಜು ಬರುತ್ತಿರಲಿಲ್ಲ. ಇದು ಅವಳ ಎರಡನೇ ಬೇಸಿಗೆ.

ಅವಳ ಬಾನಿ ಅಲ್ಲೇ ಇತ್ತು. ತನ್ನ ಪಾಡಿಗೆ ತಾನು ಸಣ್ಣಗೆ ತಿರುಗುತ್ತಿತ್ತು. ಪಕ್ಕದಲ್ಲಿ ತಲೆ ಇರಲಿಲ್ಲ.

ಆಗ ನನಗೆ ಬೆಳಗ್ಗೆ ನಡೆದದ್ದು ನೆನಪಾಯಿತು. ದಡದ ಗುಡಿಸಲಿನಲ್ಲಿ ಬೆಂಕಿಯ ಹತ್ತಿರ ಬಟ್ಟೆ ಬದಲಿಸುವಾಗ ಚಿಗುಸಾ ಹೊಸ ತಲೆಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಹಳೆಯದಕ್ಕೆ ಕಿಡಿ ಹಾರಿ ತೂತು ಬಿದ್ದಿತ್ತು. "ಗುರುತು ಎಲ್ಲೇ?" ಎಂದು ಕೇಳಿದ್ದೆ. "ಸಂಜೆ ಹೊಲೀತೀನಿ ಅಕ್ಕ. ನಮ್ಮೂರಲ್ಲಿ ನರಿ ಹೆಂಗಸಾಗಿ ಬಂದು ಕಣ್ಣು ಕಟ್ಟುತ್ತೆ ಅಂತಾರೆ. ನಮ್ಮಪ್ಪ ನಲವತ್ತು ವರ್ಷ ಕಾಡಲ್ಲಿದ್ದ, ಅವನ ಕಣ್ಣು ಕಟ್ಟಿದ್ದು ನಮ್ಮಮ್ಮ ಒಬ್ಳೇ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ನಾನೂ.

"ಅದು ಅವಳೇ ಇರಬಹುದು," ನಾನು ಹೇಳಿದೆ. ನನ್ನ ದನಿ ನನಗೇ ದೂರದಲ್ಲೆಲ್ಲೋ ಕೇಳಿಸಿತು. "ಅವಳ ಬಟ್ಟೆಗೂ ಗುರುತಿರಲಿಲ್ಲ."

"ಹಾಗನ್ನಿಸೋ ಹಾಗೆ ಮಾಡೋದೇ ಅದರ ಕೆಲಸ," ತಕಿಯೊ ಪಿಸುಗುಟ್ಟಿದಳು. "ನಮ್ಮತ್ತೆ ಹೇಳ್ತಿದ್ರು. ನಮ್ಮವರ ಹಾಗೇ ಕಾಣುತ್ತೆ ಅಂತ. ಹೋಗ್ಬೇಡ ಮಿಸಾವೊ."

"ಕೈ ನೀಡಿತ್ತಾ?" ಅಜ್ಜಿ ಕೇಳಿದರು.

"ಅವಾಬಿ ನೀಡ್ತು."

"ಚಿಗುಸಾ ಯಾಕೆ ಅವಾಬಿ ನೀಡ್ತಾಳೆ? ಸಿಕ್ಕಿದ್ರೆ ಚೀಲಕ್ಕೆ ಹಾಕ್ಕೋತಾಳೆ." ತಕಿಯೊ ಹೇಳಿದ್ದು ಸರಿಯಾಗಿತ್ತು. ನಮ್ಮಲ್ಲಿ ಅವರವರ ಉಸಿರಿಗೆ ಸಿಕ್ಕಿದ್ದು ಅವರವರದು. ನೀರಿನಲ್ಲಂತೂ ಯಾರೂ ಯಾರಿಗೂ ಏನೂ ನೀಡುವುದಿಲ್ಲ. ಗುಡಿಸಲಿನಲ್ಲಿ ಕೂಡ ಕೈಯಿಂದ ಕೈಗೆ ಕೊಡದೆ ಚಾಪೆಯ ಮೇಲಿಟ್ಟು ಕೊಡುತ್ತೇವೆ.

ಅಜ್ಜಿ ಚಿಗುಸಾಳ ಬಾನಿಯಿಂದ ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಎಳೆದರು. ಅದು ನೀರಿನೊಳಗೆ ನೇರವಾಗಿ ಬಿಗಿದು ನಿಂತಿತ್ತು. ಬರಲಿಲ್ಲ.

"ಎಲ್ಲೋ ಸಿಕ್ಕಿಕೊಂಡಿದೆ."

"ಯಾರೋ ಹಿಡ್ಕೊಂಡಿದಾರೆ," ತಕಿಯೊ ಅಂದಳು.

"ಅಜ್ಜಿ, ಏನ್ ಮಾಡ್ಲಿ?"

"ನನ್ನ ಕೇಳ್ಬೇಡ ಮಗಾ. ನಾನು ನೋಡಿಲ್ಲ, ನೀನು ನೋಡಿದೀಯ."

"ನಂಗೆ ಹೆದ್ರಿಕೆ ಆಗ್ತಿದೆ."

"ಎಲ್ಲಿ ಆಗ್ತಿದೆ, ಗಂಟಲಲ್ಲಾ, ಹೊಕ್ಕುಳ ಕೆಳಗಾ?"

ಇದು ಅವರು ನನಗೆ ಮೊದಲ ಸಲ ಮುಳುಗಲು ಕಲಿಸಿದಾಗಿನ ಮಾತು. ಕೇಳಿದ ಕಥೆಗಳ ಹೆದರಿಕೆ ಗಂಟಲಲ್ಲಿ ನಿಲ್ಲುತ್ತದೆ, ಅದನ್ನು ನುಂಗಿಬಿಡಬಹುದು. ಕಡಲು ಹುಟ್ಟಿಸುವ ಹೆದರಿಕೆ ಹೊಕ್ಕುಳ ಕೆಳಗೆ ತಣ್ಣಗೆ ಕೂರುತ್ತದೆ, ಅದು ಬಂದಾಗ ವಾದ ಮಾಡದೆ ದಡಕ್ಕೆ ಹೋಗಬೇಕು. ಇಷ್ಟು ವರ್ಷ ನಾನು ಹಾಗೆಯೇ ಬದುಕಿದ್ದೆ. ಹೊಟ್ಟೆ ಬೇಡ ಅಂದ ದಿನ ಇಳಿದಿರಲಿಲ್ಲ.

ಕಣ್ಣು ಮುಚ್ಚಿದೆ. ಹೆದರಿಕೆ ಎರಡೂ ಕಡೆ ಇತ್ತು. ಗಂಟಲಲ್ಲೂ ಇತ್ತು, ಕೆಳಗೂ ಇತ್ತು. ಆದರೆ ಕೆಳಗಿದ್ದದ್ದು ಹಿಂದಕ್ಕೆ ಎಳೆಯುತ್ತಿರಲಿಲ್ಲ. ಅದು ಆ ಚಾಚಿದ ಕೈಯ ಕಡೆಗೇ ಎಳೆಯುತ್ತಿತ್ತು. ಇದು ಹೊಟ್ಟೆಯ ಮಾತೋ ಅಥವಾ ಜೊತೆಗಾತಿಯ ಸೆಳೆತವೋ ಎಂದು ಹೇಗೆ ತಿಳಿಯುವುದು? ಅದನ್ನು ಅಜ್ಜಿ ಕಲಿಸಿರಲಿಲ್ಲ.

"ಉಳಿ ಕೊಡಿ," ಅಂದೆ.

ಅಜ್ಜಿ ತಮ್ಮ ಉಳಿ ಕೊಟ್ಟರು. ತಕಿಯೊ ಬೈದುಕೊಳ್ಳುತ್ತಲೇ ನನ್ನ ಹಗ್ಗವನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಂಡಳು. "ನಾನಂತೂ ಕೆಳಗೆ ಬರಲ್ಲ, ಕೊಂದ್ರೂ ಬರಲ್ಲ. ಇಲ್ಲಿಂದ ಎಳೀತೀನಿ. ಕತ್ತೆ ನೀನು. ಒಂದು ಸಲ ಜಗ್ಗು, ಸಾಕು."

ಮುಳುಗಿದೆ.

ಕಡಲು ಕಿವಿ ಒತ್ತತೊಡಗಿತು. ಚಿಗುಸಾಳ ಹಗ್ಗವನ್ನೇ ಹಿಡಿದು ಇಳಿದೆ. ಬೆಳಕು ತೆಳುವಾಯಿತು, ಆಮೇಲೆ ಬಣ್ಣ ಹೋಯಿತು, ಆಮೇಲೆ ಕಳೆಯ ಕಪ್ಪು ತಲೆಗಳು. ಕೆಳಗೆ ಹಗ್ಗ ಕಳೆಯೊಳಗೆ ಹೊಕ್ಕಿತ್ತು. ಅಲ್ಲಿ ಕೈ ಹಾಕಲು ನನಗೆ ಮನಸ್ಸಾಗಲಿಲ್ಲ. ಎದುರಿಗಿರುವುದು ನನ್ನದೇ ಮುಖವಾಗಿದ್ದರೆ ಎಂಬ ಯೋಚನೆ ಒಂದು ಕ್ಷಣ ಬಂತು. ಜೊತೆಗಾತಿಯನ್ನು ಹತ್ತಿರದಿಂದ ಕಂಡವರು ಹಾಗೆ ಹೇಳುತ್ತಾರೆಂದು ಕೇಳಿದ್ದೆ; ಹತ್ತಿರದಿಂದ ಕಂಡವರು ಮರಳಿ ಬಂದು ಹೇಳಿದ್ದು ಹೇಗೆ ಎಂದು ಯಾವತ್ತೂ ಕೇಳಿರಲಿಲ್ಲ.

ಕಳೆ ಬಿಡಿಸಿದೆ. ಅವಳು ಅಲ್ಲೇ ಇದ್ದಳು.

ಕೈ ಚಾಚಿಯೇ ಇತ್ತು. ಅಂಗೈ ಮೇಲೆ ಅವಾಬಿ. ಕರೆಯುತ್ತಿದ್ದ ಇನ್ನೊಂದು ಕೈ ಈಗ ಸುಮ್ಮನೆ ತೇಲುತ್ತಿತ್ತು, ಕಳೆ ಆಡಿದ ಹಾಗೆ ಅದೂ ಆಡುತ್ತಿತ್ತು. ಬಾಯಿಂದ ಒಂದು ಗುಳ್ಳೆಯೂ ಇಲ್ಲ. ಗಾಜಿನೊಳಗೆ ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿತ್ತೋ, ನನ್ನ ಹಿಂದೆ ಯಾರನ್ನೋ ನೋಡುತ್ತಿತ್ತೋ.

ಅವಾಬಿ ಮುಟ್ಟಬಾರದು. ಅದೊಂದೇ ನನಗೆ ಗೊತ್ತಿದ್ದದ್ದು. ಅಂಗೈಯನ್ನು ದಾಟಿ ಕೈ ಹಾಕಿ ಅವಳ ಮಣಿಕಟ್ಟನ್ನೇ ಹಿಡಿದೆ.

ಎಷ್ಟು ತಣ್ಣಗಿತ್ತು ಎಂದರೆ ಬಿಟ್ಟುಬಿಡಬೇಕೆನಿಸಿತು. ಬಿಡಲಿಲ್ಲ. ಅವಾಬಿ ಜಾರಿ, ಮೆಲ್ಲಗೆ ಹೊರಳುತ್ತಾ ಬಂಡೆಗಳ ನಡುವೆ ಬಿತ್ತು. ಅವಳ ಹಗ್ಗ ಕಳೆಯ ಬುಡಕ್ಕೆ ಸುತ್ತಿ, ಅಲ್ಲಿಂದ ಅವಳ ಪಾದಕ್ಕೆ ಸುತ್ತಿ, ಬಂಡೆಯ ಸಂದಿಯಲ್ಲಿ ಕಚ್ಚಿಕೊಂಡಿತ್ತು. ಉಳಿಯ ಅಂಚಿನಿಂದ ಹಗ್ಗವನ್ನು ಗರಗಸದಂತೆ ಉಜ್ಜಿದೆ. ಅರ್ಧ ಕಡಿಯುವಷ್ಟರಲ್ಲಿ ನನ್ನ ಎದೆ ತಟ್ಟತೊಡಗಿತು. ಮುಕ್ಕಾಲು ಕಡಿದಾಗ ಕಣ್ಣಂಚು ಕಪ್ಪಾಯಿತು. ಆಗ ಆ ತಣ್ಣನೆಯ ಕೈ ತಿರುಗಿ ನನ್ನ ಕೈಯನ್ನು ಹಿಡಿದುಕೊಂಡಿತು, ಬಿಗಿಯಾಗಿ.

ನಾನು ನೀರಿನೊಳಗೇ ಕಿರುಚಿದೆ. ಇದ್ದ ಗಾಳಿಯೆಲ್ಲ ಹೋಯಿತು. ನನ್ನ ಹಗ್ಗ ಜಗ್ಗಿದೆನೋ, ಹೆದರಿಕೆಗೆ ಅದೇ ಜಗ್ಗಿತೋ. ಮೇಲಿನಿಂದ ತಕಿಯೊ ಎಳೆದಳು, ಕೆಳಗಿನ ಹಗ್ಗ ಪಟ್ಟೆಂದು ಹರಿಯಿತು.

ದಡಕ್ಕೆ ಹೇಗೆ ಬಂದೆವೋ. ಗುಡಿಸಲಿನ ಬಾಗಿಲು ಮುಚ್ಚಿದರು, ಬೆಂಕಿಗೆ ಸೌದೆ ಒಟ್ಟಿದರು. ಚಿಗುಸಾಳ ಒದ್ದೆ ಬಟ್ಟೆ ಸುಲಿದು, ಕವುಚಿ ಮಲಗಿಸಿ, ಬೆನ್ನು ಗುದ್ದಿ ನೀರು ಕಕ್ಕಿಸಿದರು. ಅವಳ ತುಟಿ ಕಳೆಯ ಬಣ್ಣಕ್ಕೆ ತಿರುಗಿತ್ತು. ಕಿನು ಅಜ್ಜಿ ತಮ್ಮ ಅಂಗಿಯನ್ನೂ ಬಿಚ್ಚೆಸೆದು ಅವಳ ಬೆನ್ನಿಗೆ ಎದೆ ಹಚ್ಚಿ ಮಲಗಿದರು. ಈಚೆಯಿಂದ ತಕಿಯೊ. ಒಬ್ಬರ ಮೈ ತಣ್ಣಗಾದಾಗ ಇನ್ನೊಬ್ಬರು. ಯಾರೂ ಯಾರಿಗೂ ಹೇಳಲಿಲ್ಲ, ಸರದಿ ತಾನಾಗಿ ಬಂತು. ನನ್ನ ಸರದಿ ಬಂದಾಗ ನಾನು ಬೆಂಕಿ ಕೆದಕುತ್ತಾ ಕುಳಿತೆ.

"ಹೋಗೇ," ತಕಿಯೊ ನನ್ನ ಪಕ್ಕೆ ತಿವಿದಳು. "ನಿನ್ನ ತಮ್ಮನ ಹೆಂಡ್ತಿ."

"ಅವಳ ಕಾಲು ಮುಟ್ಟಿದ್ಯಾ?" ನಾನು ಪಿಸುಗುಟ್ಟಿದೆ. "ಇನ್ನೂ ಬೆಚ್ಚಗಾಗಿಲ್ಲ."

ಅವಳು ನನ್ನನ್ನೇ ನೋಡಿದಳು. ತಿರುಗಿ ಆ ಕಾಲುಗಳನ್ನು ನೋಡಿದಳು.

ಚಿಗುಸಾ ಎದ್ದು ಕೂತಾಗ ಗೆಣಸು ಬೆಂದಿತ್ತು. ಅವಳ ಮುಂದೆ ಚಾಪೆಯ ಮೇಲೆ ಒಂದನ್ನು ಇಟ್ಟರು. ದಿನಾ ಕೈ ಸುಟ್ಟುಕೊಂಡು ತಿನ್ನುವವಳು ಆವತ್ತು ಅದರ ಕಡೆ ನೋಡಲಿಲ್ಲ. ಹೊದಿಕೆ ಸುತ್ತಿಕೊಂಡು, ಬೆಂಕಿಯಿಂದ ಹಿಂದೆ ಸರಿದು, ನೆರಳಿನಲ್ಲಿ ಗೋಡೆಗೆ ಒರಗಿದಳು.

"ಅಕ್ಕ," ಅಂದಳು. ದನಿ ಒಡೆದಿತ್ತು. "ಮೊದಲನೇ ಸಲ ನೀನು ನನ್ನ ನೋಡ್ದೆ."

"ಹೂಂ."

"ನೋಡಿ ಹೋದೆ."

ಬೆಂಕಿಯಲ್ಲಿ ಸೌದೆ ಸಿಡಿಯಿತು.

"ಅವಾಬಿ ಯಾಕೆ ನೀಡ್ದೆ?" ನಾನು ಕೇಳಿದೆ.

"ಮತ್ತೇನ್ ಮಾಡ್ಲಿ? ಕೂಗೋಕಾಗುತ್ತಾ? ಕೈ ಬೀಸಿದೆ, ನೀನು ಬಂಡೆಗೆ ತಲೆ ಹಾಕಿ ಕೂತಿದ್ದೆ. ನನಗಾಗಿ ತಿರುಗದಿದ್ರೂ ಅವಾಬಿಗಾಗಿ ತಿರುಗ್ತೀಯ ಅಂದ್ಕೊಂಡೆ."

ತಕಿಯೊ ನಕ್ಕುಬಿಟ್ಟಳು. "ನಿನ್ನ ಸರಿಯಾಗಿ ಅರ್ಥ ಮಾಡ್ಕೊಂಡಿದಾಳೆ ಮಿಸಾವೊ!" ಗುಡಿಸಲು ತುಂಬ ನಗು ಎದ್ದಿತು, ಅಳುವಿನಂಥ ನಗು, ಹೆದರಿಕೆ ಬಿಡುವಾಗ ಬರುವಂಥದ್ದು. ಕಿನು ಅಜ್ಜಿ ಮಾತ್ರ ನಗಲಿಲ್ಲ. ಅಂಗಿಯ ದಾರ ಕಟ್ಟಿಕೊಳ್ಳುತ್ತಾ, ಯಾರಿಗೂ ಅಲ್ಲದಂತೆ ಹೇಳಿದರು:

"ಮಿಸಾವೊ ಮೇಲೆ ಬಂದ್ಲು. ನಾನು ಎಲ್ಲರನ್ನೂ ಕರೆದೆ. ಮಾತಾಡಿದ್ವಿ, ಹಗ್ಗ ಎಳೆದು ನೋಡಿದ್ವಿ. ಆಮೇಲೆ ಅವಳು ಇಳಿದ್ಲು. ಅಷ್ಟು ಹೊತ್ತು ಉಸಿರು ಕಟ್ಟೋಕೆ ನನ್ನ ಹರೆಯದಲ್ಲಿ ನನ್ನಿಂದಲೂ ಆಗ್ತಿರ್ಲಿಲ್ಲ."

ನಗು ನಿಂತಿತು.

"ನಿನ್ನಿಂದ ಹೇಗಾಯ್ತಮ್ಮ?"

ಚಿಗುಸಾ ಅಜ್ಜಿಯ ಕಡೆ ನೋಡಿದಳು. "ಗೊತ್ತಿಲ್ಲ ಅಜ್ಜಿ. ಅಕ್ಕ ಬರ್ತಾಳೆ ಅಂತ ಇದ್ದೆ."

ಯಾರೋ ಒಬ್ಬಳು ಬೆಂಕಿಯ ಆಚೆ ಬದಿಗೆ ಸರಿದು ಕೂತಳು. ಹೊರಗೆ ಅಲೆ ಕಲ್ಲುಗಳನ್ನು ಎಳೆದು ಮತ್ತೆ ತಳ್ಳುತ್ತಿತ್ತು. ತಕಿಯೊ ನನ್ನ ಕಿವಿಗೆ ಬಾಯಿ ತಂದಳು.

"ಗುರುತು ಹೊಲಿದು ಕೊಡು. ಕಟ್ಟಿಕೊಂಡ್ರೆ ನಮ್ಮವಳು."

ಚಿಗುಸಾಳ ಹೊಸ ತಲೆಬಟ್ಟೆ ಬೆಂಕಿಯ ಮೇಲಿನ ಹಗ್ಗದಲ್ಲಿ ಒಣಗುತ್ತಿತ್ತು. ಇಳಿಸಿಕೊಂಡೆ. ಅಜ್ಜಿ ಸೂಜಿಗೆ ನೀಲಿ ದಾರ ಪೋಣಿಸಿ ಚಾಪೆಯ ಮೇಲಿಟ್ಟರು. ನಕ್ಷತ್ರದ ಮೊದಲ ಗೆರೆ, ಎರಡನೆಯದು. ಹೊಲಿಯುವಾಗ ಮಾತಾಡಬಾರದು, ದಾರ ಕಡಿಯಬಾರದು. ಅವಳ ಕಣ್ಣು ನನ್ನ ಸೂಜಿಯ ಮೇಲೇ ಇತ್ತು. ನನಗೆ ಎರಡು ಆಸೆಗಳಿದ್ದವು. ಇದು ಮುಗಿಯಲಿ, ಅವಳು ಕಟ್ಟಿಕೊಳ್ಳಲಿ, ನಾನು ಹೋಗಿ ಆ ತಣ್ಣನೆಯ ಕಾಲುಗಳನ್ನು ಮಡಿಲಿಗೆ ಎಳೆದುಕೊಂಡು ಉಜ್ಜುವಂತಾಗಲಿ. ಇನ್ನೊಂದು, ಇದು ಮುಗಿಯದೇ ಇರಲಿ. ಅವಳು ಕಟ್ಟಿಕೊಳ್ಳದೆ ಹೋದರೆ, ಸೇಕಿಚಿ ಬಂದು ನನ್ನ ಹೆಂಡತಿ ಎಲ್ಲಿ ಎಂದರೆ ಯಾರನ್ನು ತೋರಿಸಲಿ? ಸೂಜಿ ಹೊರಟ ಕಡೆಗೆ ಮರಳಿತು. ಜಾಲರಿಯನ್ನೂ ಹೊಲಿದೆ, ಅಡ್ಡ, ಉದ್ದ, ಕಣ್ಣು ಕಣ್ಣು.

ಎದ್ದು ಅವಳ ಹತ್ತಿರ ಹೋದೆ. ಚಾಪೆಯ ಮೇಲಿಡಬೇಕಿತ್ತು. ಅದ್ಯಾಕೋ ಇಡಲಿಲ್ಲ. ಅಂಗೈ ಮೇಲೆ ಬಟ್ಟೆ ಇಟ್ಟುಕೊಂಡು ಕೈ ಮುಂದೆ ಚಾಚಿದೆ. ನೀರಿನೊಳಗೆ ಅವಳು ಚಾಚಿದ್ದ ಹಾಗೆಯೇ ಎಂದು ಚಾಚಿದ ಮೇಲೆ ತಿಳಿಯಿತು.

"ತಗೋ ಚಿಗುಸಾ. ಕಟ್ಕೋ."

ಅವಳು ಮೊದಲು ನನ್ನ ಹಣೆಯ ಗುರುತು ನೋಡಿದಳು, ಆಮೇಲೆ ನನ್ನ ಅಂಗೈ. ನಾನು ಅವಳನ್ನು ನೋಡಿದ್ದ ಹಾಗೆಯೇ, ಅದೇ ಕ್ರಮದಲ್ಲಿ.

"ಇದಿದ್ರೆ ನೀನು ನನ್ನ ಬಿಟ್ಟು ಹೋಗ್ತಿರ್ಲಿಲ್ಲ ಅಲ್ವಾ?"

"ಹೋಗ್ತಿರ್ಲಿಲ್ಲ."

"ಮುಂದಿನ ಸಲ ಅಲೆಗೆ ಬಿಚ್ಚಿಹೋದ್ರೆ?"

ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದೆ.

"ಕಟ್ಕೊಂಬಿಡಮ್ಮ," ಕಿನು ಅಜ್ಜಿ ಮೆಲ್ಲಗೆ ಅಂದರು, ಬೇಡಿಕೊಳ್ಳುವ ಹಾಗೆ. "ನಮಗೋಸ್ಕರ ಕಟ್ಕೋ."

"ನೀವು ಬಟ್ಟೆ ನೋಡ್ತೀರ ಅಜ್ಜಿ. ಅಕ್ಕನೂ ಬಟ್ಟೆನೇ ನೋಡಿದ್ಲು. ನನ್ನ ಮುಖ ಅಲ್ಲೇ ಇತ್ತು."

ನಾನು ಆಗ ಅವಳ ಮುಖ ನೋಡಿದೆ. ನೆರಳಿನಲ್ಲಿತ್ತು. ನೋಡಿದೆ, ನೋಡುತ್ತಲೇ ಇದ್ದೆ. ಹೊಕ್ಕುಳ ಕೆಳಗೆ ತಣ್ಣಗೆ ಏನೋ ಕೂತಿತ್ತು, ಯಾವ ಕಡೆಗೂ ಎಳೆಯುತ್ತಿರಲಿಲ್ಲ. ಚಾಚಿದ ಕೈ ನೋಯತೊಡಗಿತು.

"ತಗೊಳ್ಳೇ," ಅಂದೆ.

"ಬೇಡ," ಅಂದಳು ಚಿಗುಸಾ. "ನಾನು ಕಟ್ಟಲ್ಲ."